ಪಟ್ಟಿಯಲ್ಲಿ ನಾಲ್ಕನೆಯದು

ಆಗಸ್ಟ್ 4

ಮಗನೇ,

ಫೋನು ಮಾಡಿದರೆ ನೀನು "ಹ್ಞೂಂ" ಬಿಟ್ಟು ಬೇರೆ ಮಾತಾಡುವುದಿಲ್ಲ. ಕಾಗದದಲ್ಲಿ ಬರೀ ಹ್ಞೂಂ ಎಂದು ಬರೆದು ಅಂಚೆಗೆ ಹಾಕಲು ಯಾರಿಗಾದರೂ ನಾಚಿಕೆಯಾಗಬೇಕು. ಅದಕ್ಕೇ ಕಾಗದ.

ವಿಷಯ ಇಷ್ಟು. ರಜೆಯ ದಿನ ನಾನು ಹೋಗಿ ಕೂರುವ ಹಾಡಿನಂಗಡಿ ಗೊತ್ತಲ್ಲ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯದು. ಅಂಗಡಿಯವಳು ಈ ವರ್ಷ ಒಂದು ಆಟ ಹೂಡಿದ್ದಾಳೆ. ಖಾಯಂ ಗಿರಾಕಿಗಳೆಲ್ಲ ಕಳೆದ ಹತ್ತು ವರ್ಷದ ತಮ್ಮ ಮೆಚ್ಚಿನ ಹತ್ತು ಇಂಡಿ ಆಲ್ಬಮ್‌ಗಳ ಪಟ್ಟಿ ಬರೆದು ಗೋಡೆಗೆ ಹಚ್ಚಬೇಕು. ದೊಡ್ಡ ಕಂಪನಿಯ ಸಹವಾಸವಿಲ್ಲದೆ, ತಾವೇ ಹಾಡಿ, ತಾವೇ ಮುದ್ರಿಸಿ, ತಾವೇ ಹಂಚಿದ್ದಷ್ಟೇ ಲೆಕ್ಕಕ್ಕೆ. ಆಮೇಲೆ ಪ್ರತಿಯೊಬ್ಬರೂ ಒಂದೊಂದು ಶನಿವಾರ ಮಧ್ಯಾಹ್ನ ತಮ್ಮ ಪಟ್ಟಿಯ ಒಂದು ಆಲ್ಬಮನ್ನು ಮೊದಲಿಂದ ಕೊನೆಯವರೆಗೆ, ನಡುವೆ ನಿಲ್ಲಿಸದೆ, ಎಲ್ಲರಿಗೂ ಕೇಳಿಸಬೇಕು. ಯಾವುದೆಂದು ಆರಿಸುವವಳು ಮಾತ್ರ ಅಂಗಡಿಯವಳು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ರೋಲರಿಗೆ ದಿನಕ್ಕೆ ನಾನೂರು ಬೆಡ್‌ಶೀಟು ಉಣಿಸುವವಳಿಗೆ ಇಲ್ಲೇನು ಕೆಲಸ ಎಂದು ಅಲ್ಲಿ ಒಬ್ಬ ಕೇಳಿಯೇಬಿಟ್ಟ. ಡ್ರೈವಿಂಗ್ ಕಲಿಸುವವನು ಅವನು. ಮೂಗಿನ ಮೇಲೆ ಕನ್ನಡಕ, ನಾಲಿಗೆಯ ಮೇಲೆ ಎಲ್ಲದಕ್ಕೂ ತೀರ್ಪು. ನಾವು ಪ್ರೊಫೆಸರ್ ಎನ್ನುತ್ತೇವೆ. ನಾನು ಹೇಳಿದೆ: "ನೀವು ಸೋಫಾದಲ್ಲಿ ಕೂತು ಕೇಳ್ತೀರಿ. ನಾನು ಎಂಟು ಗಂಟೆ ನಿಂತು ಕೇಳ್ತೀನಿ. ನಿಂತವರ ಕಾಲಿಗೆ ಯಾವ ಹಾಡು ಒಳ್ಳೇದು ಅಂತ ಗೊತ್ತಾಗುತ್ತೆ." ನನ್ನ ಅಳತೆಯೂ ಸುಲಭ. ಹಾಡು ಕೇಳುತ್ತಾ ಬೆಡ್‌ಶೀಟು ಸೊಟ್ಟಗೆ ಹೋಯಿತೋ, ಆಲ್ಬಮ್ ಪಟ್ಟಿಗೆ ಬಂತು.

ಮೊದಲ ಸ್ಥಾನ 'ನಿಂತ ಲಿಫ್ಟು'. ಅಕ್ಕ ತಂಗಿ ಇಬ್ಬರೇ ಹಾಡಿದ್ದು. ತಂಗಿ ಐದನೇ ಹಾಡಿನಲ್ಲಿ ಕೆಮ್ಮುತ್ತಾಳೆ, ಅಕ್ಕ ಕಾಯುತ್ತಾಳೆ, ಮತ್ತೆ ಮುಂದುವರಿಯುತ್ತಾರೆ. ಅದನ್ನು ಕತ್ತರಿಸದೆ ಬಿಟ್ಟಿದ್ದಾರಲ್ಲ, ಅದಕ್ಕೇ ಮೊದಲು. ಎರಡನೆಯದು 'ಎಡಗೈ ಅಕ್ಷರ'. ಅದರಲ್ಲಿ ಹಾಡುವವನು ಕೌಂಟರಿನ ಗುಮಾಸ್ತನನ್ನು ಬೈಯುವ ಹಾಗೆ ಹಾಡುತ್ತಾನೆ, ನನಗೆ ಬೇಕಾದವರನ್ನೆಲ್ಲ ಅವನ ಬಾಯಲ್ಲೇ ಬೈದುಕೊಂಡಿದ್ದೇನೆ. ಮೂರನೆಯದು 'ಹಳೇ ನಂಬರಿಗೆ ಕರೆ'. ಒಂಬತ್ತನೆಯದರಲ್ಲಿ ಅರ್ಧ ಹಾಡು ಕೆಟ್ಟವು, ಆದರೆ ಉಳಿದರ್ಧ ಕೇಳಿ ಒಂದು ದಿನ ಹನ್ನೆರಡು ಬೆಡ್‌ಶೀಟು ಹಾಳು ಮಾಡಿದ್ದೇನೆ. ಹತ್ತನೆಯದನ್ನು ಮೂರು ಸಲ ಹೊಡೆದು ಹಾಕಿ ಬರೆದಿದ್ದೇನೆ.

ನಾಲ್ಕನೆಯದು 'ಒಣಗದ ಬಟ್ಟೆ'. ನಿಮ್ಮದು, ನೀವು ನಾಲ್ವರು ಗೆಳೆಯರದು.

ಐವತ್ತೇ ಕ್ಯಾಸೆಟ್ಟು ಮಾಡಿದ್ದಿರಿ, ಇಲ್ಲಿ ಯಾರೂ ಕೇಳಿಲ್ಲ, ಅದಕ್ಕೇ ಅಂಗಡಿಯವಳು ಅದನ್ನೇ ಆರಿಸಿದಳು. ನನ್ನ ಶನಿವಾರ ನವೆಂಬರ್ ಹದಿನಾಲ್ಕು. ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಿನ್ನ ಅಮ್ಮ


ಆಗಸ್ಟ್ 19

ಅಮ್ಮಾ,

ಅದನ್ನು ಪಟ್ಟಿಯಿಂದ ತೆಗೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಅಲ್ಲಿರುವವರೆಲ್ಲ ನಗುತ್ತಾರೆ. ನಕ್ಕರೆ ನಗಲಿ ಅಂತ ನೀನು ಹೇಳುತ್ತೀಯ, ಗೊತ್ತು. ಆದರೆ ನಗುವುದು ನನ್ನ ಡ್ರಮ್ ಕೇಳಿ. ಆ ಒಂಬತ್ತು ಹಾಡೂ ಬಸ್ಸು ತಪ್ಪಿದವರ ಹಾಗೆ ಓಡುತ್ತವೆ. ಓಡಿಸಿದವನು ನಾನು. ನಮ್ಮ ಹಾಡುಗಾರ ಗುಬ್ಬಚ್ಚಿ ಉಸಿರು ತೆಗೆದುಕೊಳ್ಳಲೂ ಜಾಗವಿಲ್ಲದೆ ಹಾಡಿದ್ದಾನೆ. ಅದರ ನಂತರ ನಾವು ನಾಲ್ವರೂ ಮತ್ತೆ ಒಟ್ಟಿಗೆ ಕೂರಲಿಲ್ಲ ಅನ್ನುವುದು ನಿನಗೂ ಗೊತ್ತು.

ಈಗ ತೂಕದ ಯಂತ್ರ ರಿಪೇರಿ ಮಾಡಿಕೊಂಡು ಚೆನ್ನಾಗಿದ್ದೇನೆ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿ ಮಾಡಿ ಮುದ್ರೆ ಒತ್ತಿ ಬರುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಬೇರೆ ಯಾವುದಾದರೂ ಆಲ್ಬಮ್ ಹಾಕು.

ಇಂತಿ,
ಮಗ


ಆಗಸ್ಟ್ 27

ಮಗನೇ,

ತೆಗೆಯುವುದಿಲ್ಲ.

ಹೆಗ್ಗಣದ ಮಾತು ಎತ್ತಿದೆಯಲ್ಲ, ಕೇಳು. ಬರೀ ಮುದ್ದಾಗಿದ್ದರೆ ಮೊದಲ ಸ್ಥಾನ ಕೊಡುತ್ತಿದ್ದೆ. ನಾಲ್ಕು ಕೊಟ್ಟಿದ್ದೇನೆ. ಎರಡನೇ ಹಾಡಿನಲ್ಲಿ ಗಿಟಾರಿನವನು ತನ್ನನ್ನೇ ಮೆಚ್ಚಿಕೊಳ್ಳುತ್ತಾ ಕೂತಿದ್ದಾನೆ, ಏಳನೆಯದರಲ್ಲಿ ಮಾತೇ ಇಲ್ಲದಿದ್ದರೂ ನಡೆಯುತ್ತಿತ್ತು. ಅದಕ್ಕೆ ಮೂರು ಮೆಟ್ಟಿಲು ಇಳಿಸಿದೆ. ಯಾವ ತಾಯಿ ಮಗನನ್ನು ತೂಗಿ ನಾಲ್ಕನೆಯವನು ಎನ್ನುತ್ತಾಳೆ?

ನಿನ್ನ ಮೌನಕ್ಕೆ ಇನ್ನೊಂದು ಕಾರಣವಿದೆ, ಅದನ್ನು ನೀನು ಬಾಯಿ ಬಿಟ್ಟು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಲಾಂಡ್ರಿಯ ಒಣಗಿಸುವ ಕೋಣೆಯ ಬೀಗದ ಕೈ ಕೊಟ್ಟವಳು ನಾನು. ತೂಗುಹಾಕಿದ ಬೆಡ್‌ಶೀಟುಗಳ ನಡುವೆ ಪ್ರತಿಧ್ವನಿ ಬರುವುದಿಲ್ಲ, ಅಲ್ಲಿ ರೆಕಾರ್ಡ್ ಮಾಡಿ ಎಂದವಳೂ ನಾನೇ. ವಾರದ ರಜೆ, ಹನ್ನೆರಡರಿಂದ ನಾಲ್ಕು, ನಾಲ್ಕಕ್ಕೆ ಬಾಯ್ಲರಿನವನು ಬರುತ್ತಾನೆ. ನೀವು ವಯರು ಎಳೆದು ಮೈಕು ನಿಲ್ಲಿಸುವಷ್ಟರಲ್ಲಿ ಎರಡು ಗಂಟೆ ಹೋಯಿತು. ಬಾಯ್ಲರಿನವನು ಬಂದು ನೋಡಿದ, ಮೇಲಿನವರಿಗೆ ಹೇಳಿದ, ಮೇಲ್ವಿಚಾರಕಿಯಾಗಿದ್ದ ನನ್ನನ್ನು ರೋಲರಿಗೆ ಕಳಿಸಿದರು. ಏಳು ವರ್ಷವಾಯಿತು. ಅದು ನನ್ನ ತಪ್ಪು, ನನಗೆ ಬಿಡು. ಅದನ್ನು ನಿನ್ನ ಜೇಬಿನಲ್ಲಿ ಇಟ್ಟುಕೊಂಡು ತಿರುಗಬೇಡ.

ಮೇಲ್ವಿಚಾರಕಿ ಕಿವಿಗೆ ಏನೂ ಸಿಕ್ಕಿಸಿಕೊಳ್ಳುವ ಹಾಗಿರಲಿಲ್ಲ. ರೋಲರಿನವಳು ಸಿಕ್ಕಿಸಿಕೊಳ್ಳಬಹುದು. ನನ್ನನ್ನು ಇಳಿಸಿದ್ದಕ್ಕೇ ನನಗೆ ಈ ಹತ್ತು ಆಲ್ಬಮ್ ಸಿಕ್ಕಿದ್ದು. ನಾನು ಅತ್ತಿಲ್ಲ, ನೀನೂ ಅಳಬೇಡ.

ಅಮ್ಮ


ಸೆಪ್ಟೆಂಬರ್ 30

ಅಮ್ಮಾ,

ಒಂದು ತಿಂಗಳು ಯೋಚಿಸಿ ಬರೆಯುತ್ತಿದ್ದೇನೆ.

ಕ್ಯಾಸೆಟ್ಟು ಬಂದ ವಾರ ನೀನು ನನಗೊಂದು ಚೀಟಿ ಬರೆದಿದ್ದೆ. ನೆನಪಿದೆಯಾ? "ಎಷ್ಟು ಸಮಾಧಾನವಾಗಿ ಬಾರಿಸಿದ್ದೀಯೋ, ಒಂದು ಚೂರೂ ಅವಸರವಿಲ್ಲ" ಅಂತ. ಕೇಳಿದ ಉಳಿದವರೆಲ್ಲ ಅವಸರ ಅವಸರ ಅನ್ನುತ್ತಿದ್ದರು. ನೀನೊಬ್ಬಳೇ ಸಮಾಧಾನ ಅಂದೆ. ಚಿಕ್ಕವನಿದ್ದಾಗಿನಿಂದ ನೀನು ಕೆಟ್ಟದ್ದನ್ನು ಕೆಟ್ಟದ್ದು ಅಂತಲೇ ಹೇಳುತ್ತಿದ್ದೆ, ಅದಕ್ಕೇ ನಿನ್ನ ಮಾತು ನನಗೆ ಬೇಕಿತ್ತು. ಆ ಚೀಟಿ ಓದಿದ ದಿನ ನನ್ನ ಮನಸ್ಸು ನೋಯಬಾರದು ಅಂತ ನೀನೂ ಸುಳ್ಳು ಹೇಳಬಲ್ಲೆ ಅಂತ ಗೊತ್ತಾಯಿತು. ಡ್ರಮ್ ಮಾರಿದ್ದು ಅದರ ಮಾರನೇ ವಾರ.

ಪಟ್ಟಿಯೂ ಅದೇ ಸುಳ್ಳಿನ ಬಾಲ. ಅದನ್ನು ಅವರ ಒಳ್ಳೆಯ ಪ್ಲೇಯರಿನಲ್ಲಿ ಹಾಕಬೇಡ. ಇಷ್ಟು ಕೇಳಿದ ಮೇಲೂ ಹಾಕುವುದಾದರೆ ಡಿಸೆಂಬರ್ ರಜೆಗೆ ನನ್ನನ್ನು ಕಾಯಬೇಡ.

ಮಗ


ಅಕ್ಟೋಬರ್ 12

ಮಗನೇ,

ನಿನ್ನ ಕಾಗದ ಓದಿ ಎರಡು ದಿನ ರೋಲರ್ ಮುಂದೆ ಏನೂ ಕೇಳಲಿಲ್ಲ. ಬೆಡ್‌ಶೀಟುಗಳೆಲ್ಲ ನೇರವಾಗಿ ಹೋದವು.

ನಾನು ನಿನಗೆ ಸುಳ್ಳು ಹೇಳಿಲ್ಲ. ಕೇಳಿದ್ದನ್ನು ಬರೆದೆ. ಅಂದು ಬಾಗಿಲ ಹೊರಗೆ ಕಾವಲು ನಿಂತಾಗ ನನಗೂ ಅವಸರವೆಂದೇ ಅನ್ನಿಸಿತ್ತು, ನಿಜ. ಕ್ಯಾಸೆಟ್ಟಿನಲ್ಲಿ ಅದೆಲ್ಲ ಹೋಗಿತ್ತು. ಮಷೀನಿನಲ್ಲಿ ಸರಿ ಮಾಡಿದ್ದಾರೆ, ಇದಕ್ಕೇ ಇವರು ಇಷ್ಟು ಓದಿದ್ದು ಅಂದುಕೊಂಡೆ. ಮೂರನೇ ಹಾಡಿನಲ್ಲಿ ನೀನು ಒಂದೊಂದೇ ಪೆಟ್ಟನ್ನು ಇಟ್ಟು, ಅದು ಕೂತಿತೋ ಇಲ್ಲವೋ ನೋಡಿ, ಮುಂದಿನದನ್ನು ಇಡುತ್ತೀಯ. ಬೇಕಾದರೆ ನನ್ನ ಕಿವಿ ಕೆಟ್ಟಿದೆ ಅನ್ನು, ಸುಳ್ಳಿ ಅನ್ನಬೇಡ.

ಆದರೂ ಡಿಸೆಂಬರಿನ ಮಾತು ಬರೆದೆಯಲ್ಲ. ಸೋತೆ. ಶನಿವಾರ ಅಂಗಡಿಗೆ ಹೋಗಿ ಗೋಡೆಯಿಂದ ಪಟ್ಟಿ ಕಿತ್ತು ನಾಲ್ಕನೆಯದನ್ನು ಹೊಡೆದುಹಾಕಲು ಪೆನ್ನು ತೆಗೆದೆ. ಹಿಂದಿನಿಂದ ಪ್ರೊಫೆಸರ್ ಹೇಳಿದ: "ಒಳ್ಳೇದು ಮಾಡಿದ್ರಿ. ಮಗನ ಆಲ್ಬಮ್ ಹಾಕೋದು ಅಷ್ಟು ಚೆನ್ನಾಗಿರಲ್ಲ. ನಾವ್ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ ಅಷ್ಟೆ."

ಪೆನ್ನಿನ ಮುಚ್ಚಳ ಹಾಕಿ ಪಟ್ಟಿಯನ್ನು ಮತ್ತೆ ಅಂಟಿಸಿ ಬಂದೆ. ಈ ಸಲ ನಾಲ್ಕೂ ಮೂಲೆಗೆ ಟೇಪು ಹಚ್ಚಿದ್ದೇನೆ.

ಡಿಸೆಂಬರಿನಲ್ಲಿ ಬರುವುದು ಬಿಡುವುದು ನಿನಗೆ ಸೇರಿದ್ದು. ನಾನಂತೂ ಕಾಯುತ್ತೇನೆ, ಅದನ್ನು ನೀನು ತಡೆಯಲಾರೆ.

ಅಮ್ಮ


ನವೆಂಬರ್ 16

ಮಗನೇ,

ನೀನು ಉತ್ತರ ಬರೆದಿಲ್ಲ, ಪರವಾಗಿಲ್ಲ. ಇದನ್ನು ಕೂತುಕೊಂಡು ಓದು.

ಶನಿವಾರ ಅಂಗಡಿಯಲ್ಲಿ ಹದಿನೇಳು ಜನ ಸೇರಿದ್ದರು. ಕುರ್ಚಿ ಸಾಲದೆ ಇಬ್ಬರು ಪೆಟ್ಟಿಗೆಯ ಮೇಲೆ ಕೂತಿದ್ದರು. ಅಂಗಡಿಯವಳು ಕ್ಯಾಸೆಟ್ಟನ್ನು ತನ್ನ ದೊಡ್ಡ ಪ್ಲೇಯರಿಗೆ ಹಾಕಿ ಗುಂಡಿ ಒತ್ತಿದಳು.

ಹಾಡು ಓಡಿತು. ಗುಬ್ಬಚ್ಚಿ ನಿಜವಾದ ಗುಬ್ಬಚ್ಚಿಯ ಹಾಗೆ ಚಿಲಿಪಿಲಿ ಎಂದ. ನನಗೆ ಗೊತ್ತಿದ್ದ ಗುಬ್ಬಚ್ಚಿಯದು ಗಂಟಲು ಕಟ್ಟಿದಂಥ ದಪ್ಪ ದನಿ. ನಾನು ಎದ್ದು ನಿಂತೆ. "ನಿಮ್ಮ ಮಷೀನ್ ಕೆಟ್ಟಿದೆ, ಜೋರಾಗಿ ಓಡ್ತಿದೆ," ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದ ಪ್ರೊಫೆಸರ್. ನಾಲ್ಕು ಜನ ನಕ್ಕರು.

ಅಂಗಡಿಯವಳು ನಗಲಿಲ್ಲ. ಅವಳು ಬೇರೊಂದು ಕ್ಯಾಸೆಟ್ಟು ಹಾಕಿ ತೋರಿಸಿದಳು, ಸರಿಯಾಗಿಯೇ ಬಂತು. ಆಮೇಲೆ, "ಅಕ್ಕಾ, ನೀವು ಯಾವುದ್ರಲ್ಲಿ ಕೇಳ್ತೀರಿ, ಕೊಡಿ ನೋಡೋಣ," ಎಂದಳು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ನನ್ನ ಪುಟ್ಟ ಪ್ಲೇಯರನ್ನು ಬ್ಯಾಗಿನಿಂದ ತೆಗೆದು ಕೊಟ್ಟೆ. ಹಿಂಭಾಗ ಬಿಚ್ಚಿ ನೋಡಿದಳು. ಒಳಗೆ ಕ್ಯಾಸೆಟ್ಟು ತಿರುಗಿಸುವ ಒಂದು ರಬ್ಬರ್ ಬೆಲ್ಟು ಇರುತ್ತದಂತೆ. ನಿಮ್ಮ ಕ್ಯಾಸೆಟ್ಟಿಗೆಂದೇ ಕೊಂಡ ಹಳೆಯ ಪ್ಲೇಯರಲ್ಲವೇ, ವಯಸ್ಸಿಗೆ ಅದು ಮೊದಲಿಂದಲೇ ಸಡಿಲವಾಗಿತ್ತು. ನನ್ನ ಹತ್ತಿರ ಇರುವ ಒಂದೇ ಕ್ಯಾಸೆಟ್ಟು ನಿಮ್ಮದು, ಉಳಿದ ಒಂಬತ್ತನ್ನೂ ಫೋನಿನಲ್ಲಿ ಕೇಳುತ್ತೇನೆ. ಹಾಗಾಗಿ ನನಗೆ ಗೊತ್ತೇ ಆಗಿಲ್ಲ. ಏಳು ವರ್ಷ ನಾನು ನಿಮ್ಮ ಓಟವನ್ನು ನಡಿಗೆಯೆಂದು ಕೇಳಿಕೊಂಡು ಬಂದಿದ್ದೇನೆ.

ನನ್ನ ಚೀಟಿ ಸುಳ್ಳಾಗಿರಲಿಲ್ಲ, ನೋಡಿದೆಯಾ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದಿದ್ದೆ, ಕಾಗದ ಸಾಲದು ಎಂದು ಸುಮ್ಮನಾದೆ.

ಅಂಗಡಿಯವಳು ಮೆಲ್ಲಗೆ, "ಇಲ್ಲಿಗೇ ನಿಲ್ಲಿಸೋಣ್ವಾ ಅಕ್ಕಾ?" ಎಂದಳು. ನಡುವೆ ನಿಲ್ಲಿಸಬಾರದೆಂದು ನಿಯಮ ಮಾಡಿದವಳು ನೀನು, ಪೂರ್ತಿ ಹಾಕು ಎಂದೆ. ಆ ದೊಡ್ಡ ಪ್ಲೇಯರಿನಲ್ಲೇ ಒಂಬತ್ತೂ ಹಾಡು ಕೇಳಿದೆವು. ನಿನ್ನ ಮಾತು ನಿಜ, ಓಡುತ್ತವೆ. ಕೊನೆಯ ಹಾಡು ಮುಗಿದ ಮೇಲೆ ಬಾಗಿಲಾಚೆಯಿಂದ ಒಂದು ದನಿ ಬರುತ್ತದಲ್ಲ, "ಬೇಗ, ಬೇಗ ಮುಗಿಸ್ರೋ, ಎಷ್ಟೊತ್ತು" ಎಂದು? ನನ್ನ ಪ್ಲೇಯರಿನಲ್ಲಿ ಅದು ಗಡಸಾದ ಗಂಡಸಿನ ದನಿ. ಬಾಯ್ಲರಿನವನದೇ ಎಂದು ಅವನಿಗೆ ಏಳು ವರ್ಷದಿಂದ ಶಾಪ ಹಾಕುತ್ತಾ ಬಂದಿದ್ದೇನೆ.

ಅದು ನಾನು.

ಹದಿನೇಳು ಜನರ ನಡುವೆ ನನ್ನ ದನಿ ನನಗೇ ಕೇಳಿಸಿತು. ಎಲ್ಲಾ ನೆನಪಾಯಿತು. ಬಾಗಿಲು ಬಡಿದಿದ್ದು, ಒಂದು ಸಲವಲ್ಲ, ಪ್ರತಿ ಹಾಡಿನ ನಡುವೆಯೂ ಬಡಿದಿದ್ದು. ಕೆಲಸ ಹೋದೀತೆಂದು ಹೆದರಿದ್ದೆ. ನೀವು ಓಡಿದಿರಿ ಎಂದರೆ ಹಿಂದಿನಿಂದ ಓಡಿಸಿದವಳು ನಾನು. ನೀನು ಗುಬ್ಬಚ್ಚಿಗೆ, ಗಿಟಾರಿನವನಿಗೆ, ಊರಿಗೆಲ್ಲ ನನ್ನ ತಪ್ಪು ನನ್ನ ತಪ್ಪು ಎಂದು ಹೇಳಿಕೊಂಡು ಬಂದೆಯಲ್ಲ, ನಿನಗೆ ಗೊತ್ತಿತ್ತು ಅಲ್ಲವಾ? ಒಳ್ಳೆಯ ಪ್ಲೇಯರಿನಲ್ಲಿ ಹಾಕಬೇಡ ಎಂದು ಬರೆದಿದ್ದು ಇದಕ್ಕೇ ಅಲ್ಲವಾ?

ಅಲ್ಲಿ ಕೂತು ಕಣ್ಣೊರೆಸಿಕೊಂಡರೆ ಪ್ರೊಫೆಸರಿಗೆ ಹಬ್ಬ. ಎದ್ದು ನಿಂತು ಹೇಳಿದೆ: "ಕೊನೇಗೆ ಕೂಗಿದ್ದು ನಾನು. ಈ ಆಲ್ಬಮ್‌ನ ಅವಸರ ಪೂರ್ತಿ ನನ್ನದು. ಉಳಿದಿದ್ದೆಲ್ಲ ಆ ಹುಡುಗರದು. ಈಗ ನಾನು ಪಟ್ಟಿಗೆ ಹಾಕಿದ ಆಲ್ಬಮ್ ಕೇಳಿ."

ನನ್ನ ಪ್ಲೇಯರಿಗೆ ಅಂಗಡಿಯ ಸ್ಪೀಕರಿನ ವಯರು ಸಿಕ್ಕಿಸಿ ಮೂರನೇ ಹಾಡು ಹಾಕಿಸಿದೆ. ನೀನು ಪೆಟ್ಟು ಇಟ್ಟೆ, ನೋಡಿದೆ, ಮುಂದಿನದನ್ನು ಇಟ್ಟೆ. ಪೆಟ್ಟಿಗೆಯ ಮೇಲೆ ಕೂತಿದ್ದವರು ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರು. ಮುಗಿದ ಮೇಲೆ ಪ್ರೊಫೆಸರ್, "ಇದು ಮೋಸ. ಬೆಲ್ಟು ಸಡಿಲ ಇರೋದಕ್ಕೆ ಹೀಗೆ ಬಂತು. ಇಂಥ ಆಲ್ಬಮ್ ಎಲ್ಲೂ ಇಲ್ಲ," ಎಂದ.

"ಇಲ್ಲಿದೆ," ಎಂದೆ. "ನನ್ನ ಸೊಂಟದಲ್ಲಿದೆ. ಪಟ್ಟಿ ನನ್ನದು, ಕಿವಿ ನನ್ನದು, ಸ್ಥಾನ ನಾಲ್ಕು."

ಅವನು ಹೋಗುವಾಗ ಬಾಗಿಲಲ್ಲಿ ನಿಂತು, ಮೂರನೇ ಹಾಡಿನ ಹೆಸರೇನು ಎಂದು ಕೇಳಿಕೊಂಡು ಹೋದ.

ತಪ್ಪಾಯಿತು ಕಣೋ. ಬಾಗಿಲು ಬಡಿದಿದ್ದಕ್ಕೆ. ಇನ್ನು ಯಾವುದಕ್ಕೂ ಅಲ್ಲ.

ಅಮ್ಮ


ಡಿಸೆಂಬರ್ 2

ಅಮ್ಮಾ,

ಗೊತ್ತಿತ್ತು. ಮೊದಲ ಸಲ ಕೇಳಿದಾಗಲೇ ನಿನ್ನ ದನಿ ಅಂತ ಗೊತ್ತಾಗಿತ್ತು. "ಕೊನೆಗೆ ಬಾಯ್ಲರಿನವನ ಗದರಿಕೆಯೂ ಬಂದಿದೆ" ಅಂತ ಅದೇ ಚೀಟಿಯಲ್ಲಿ ನೀನು ಬರೆದಿದ್ದೆ. ಅವರವರ ದನಿ ಅವರಿಗೆ ಗೊತ್ತಾಗುವುದಿಲ್ಲವಂತೆ, ಹಾಗೇ ಇರಲಿ ಅಂತ ಬಿಟ್ಟೆ. ಕೆಲಸದಲ್ಲಿ ಇಳಿಸಿಕೊಂಡವಳಿಗೆ ಇದನ್ನೂ ಹೇಗೆ ಹೇಳುವುದು? ನನ್ನಿಂದ ಆಯಿತು ಅಂದರೆ ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಅಲ್ಲದೆ ನೀನು ಬಾಗಿಲು ಬಡಿದರೂ ನಿಧಾನವಾಗಿ ಬಾರಿಸುವುದು ನನ್ನ ಕೆಲಸವಾಗಿತ್ತು. ಅರ್ಧ ತಪ್ಪಾದರೂ ನನಗೆ ಬಿಡು. ಪೂರ್ತಿ ನೀನೇ ಇಟ್ಟುಕೊಳ್ಳಬೇಡ.

ನಿನ್ನ ಕಾಗದ ಬಂದ ದಿನ ಒಂದು ದಿನಸಿ ಅಂಗಡಿಯಲ್ಲಿದ್ದೆ. ತಕ್ಕಡಿ ತಪ್ಪು ತೋರಿಸಿದರೆ ತಕ್ಕಡಿಯನ್ನು ಸರಿ ಮಾಡುವುದು ನನ್ನ ಕೆಲಸ. ಏಳು ವರ್ಷ ತಪ್ಪು ತಕ್ಕಡಿಯಲ್ಲಿ ತೂಗಿದರೂ ನಿನ್ನ ತೂಕ ಸರಿಯಿತ್ತಲ್ಲ, ಇದಕ್ಕೆ ಎಲ್ಲಿ ಮುದ್ರೆ ಒತ್ತಬೇಕೋ ಗೊತ್ತಾಗಲಿಲ್ಲ. ಆ ಹಾಡು ಇರಬೇಕಾದದ್ದೇ ಹಾಗೆ. ನಾವು ಬರೆದಾಗ ಹಾಗೇ ಇತ್ತು. ಅದು ಎಲ್ಲೋ ಒಂದು ಕಡೆ ಹಾಗೆ ಕೇಳಿಸುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ಗುಬ್ಬಚ್ಚಿಗೆ ಫೋನು ಮಾಡಿದೆ. ಆರು ವರ್ಷದ ಮೇಲೆ. ಮೊದಲು ಬೈದ, ಆಮೇಲೆ ನಿನ್ನ ಪ್ಲೇಯರಿನ ಕಥೆ ಕೇಳಿ ಎಷ್ಟೊತ್ತು ನಕ್ಕ ಅಂದರೆ ಅವನ ಹೆಂಡತಿ ಬಂದು ಏನಾಯಿತು ಅಂತ ಕೇಳಿದಳು. ತನ್ನ ದಪ್ಪ ದನಿ ಕೇಳಬೇಕಂತೆ ಅವನಿಗೆ.

ಒಂದು ಕೆಲಸ ಮಾಡು. ನಿನ್ನ ಪ್ಲೇಯರಿನಲ್ಲಿ ಮೂರನೇ ಹಾಡು ಎಷ್ಟು ನಿಮಿಷ, ಎಷ್ಟು ಸೆಕೆಂಡು ಬರುತ್ತದೆ, ಗಡಿಯಾರ ಹಿಡಿದು ನೋಡಿ ಬರೆ. ಕ್ಯಾಸೆಟ್ಟಿನ ಮೇಲೆ ಮೂರು ನಿಮಿಷ ಇಪ್ಪತ್ತು ಅಂತ ಇದೆ. ಅದನ್ನು ನಂಬಬೇಡ. ಬೆಲ್ಟು ಬದಲಿಸಬೇಡ.

ಮಗ


ಡಿಸೆಂಬರ್ 9

ಮಗನೇ,

ಮೂರು ನಿಮಿಷ ಐವತ್ತೈದು ಸೆಕೆಂಡು. ಮೂರು ಸಲ ಅಳೆದೆ. ಮೊದಲ ಸಲ ಗಡಿಯಾರ ನೋಡುವುದನ್ನೇ ಮರೆತೆ. ಎರಡನೇ ಸಲ ಐವತ್ತಾರು ಬಂತು, ಮೂರನೇ ಸಲ ಐವತ್ತೈದು. ಆ ಒಂದು ಸೆಕೆಂಡನ್ನು ನಿನಗೆ ಬಿಟ್ಟಿದ್ದೇನೆ, ಬೇಕಾದಲ್ಲಿ ಹಾಕಿಕೋ.

ಬೆಲ್ಟು ಹಾಗೇ ಇದೆ. ಅಂಗಡಿಯವಳು ಹೊಸದು ತರಿಸಿಕೊಡುತ್ತೇನೆಂದಳು. ಆ ಯೋಚನೆಯಿದ್ದರೆ ಇತ್ತ ಕಾಫಿ ಕುಡಿಯಲೂ ಬರಬೇಡ ಎಂದೆ. ನಿನಗೆ ಅರ್ಧ ತಪ್ಪು ಬೇಕೆಂದೆಯಲ್ಲ, ಕಾಲು ಭಾಗ ಕೊಡುತ್ತೇನೆ. ಚೌಕಾಸಿ ಬೇಡ.

ಪಟ್ಟಿಗಳನ್ನು ಮೊನ್ನೆ ಗೋಡೆಯಿಂದ ತೆಗೆದರು. ನನ್ನದು ಮಾತ್ರ ಸುಲಭಕ್ಕೆ ಬರಲಿಲ್ಲ. ನಾಲ್ಕೂ ಮೂಲೆಗೆ ಟೇಪು ಹಚ್ಚಿದ್ದೆನಲ್ಲ, ಸುಣ್ಣವನ್ನೂ ಕಿತ್ತುಕೊಂಡು ಬಂತು. ಅದನ್ನು ಮನೆಗೆ ತಂದು ಅಡುಗೆಮನೆ ಬಾಗಿಲ ಹಿಂದೆ ಹಚ್ಚಿದ್ದೇನೆ. ನೀನು ಬಂದರೆ ನೋಡಬಹುದು, ಹೊಡೆದುಹಾಕುವ ಹಾಗಿಲ್ಲ.

ನೀನೂ ಗುಬ್ಬಚ್ಚಿಯೂ ಮತ್ತೆ ಬಾರಿಸಿ ಹಾಡುವುದಾದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಬಂತೆಂದು ಮುಂದಿನ ಹತ್ತು ವರ್ಷದ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬೇಡ. ಆ ಅಕ್ಕತಂಗಿಯರು ಎರಡನೇ ಆಲ್ಬಮ್ ಮಾಡುತ್ತಿದ್ದಾರಂತೆ. 'ಎಡಗೈ ಅಕ್ಷರ'ದವನೂ ಸುಮ್ಮನೆ ಕೂತಿಲ್ಲ. ನಿಮ್ಮನ್ನೂ ಬೇರೆಯವರ ಜೊತೆಯೇ ತೂಗುತ್ತೇನೆ.

ಹಿಂದಿನ ಕೋಣೆ ಖಾಲಿ ಮಾಡಿದ್ದೇನೆ. ಹಳೆಯ ಬೆಡ್‌ಶೀಟುಗಳನ್ನು ಲಾಂಡ್ರಿಯವರು ಬಿಸಾಡುತ್ತಿದ್ದರು, ಕೇಳಿ ಇಪ್ಪತ್ತೆರಡು ತಂದು ಹಗ್ಗ ಕಟ್ಟಿ ಹಾಕಿದ್ದೇನೆ. ಈ ಸಲ ಸಹಿ ಮಾಡಿಯೇ ತಂದಿದ್ದು, ಯಾರೂ ಬಂದು ಕೇಳುವ ಹಾಗಿಲ್ಲ. ಪ್ರತಿಧ್ವನಿ ಬರುವುದಿಲ್ಲ, ಚಪ್ಪಾಳೆ ಹೊಡೆದು ನೋಡಿದೆ. ಬಾಗಿಲಿಗೆ ಬೀಗವಿಲ್ಲ, ನಾಲ್ಕು ಗಂಟೆಗೆ ಯಾರೂ ಬರುವುದಿಲ್ಲ. ನಾನು ಹೊರಗೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಉಳಿದ ತಾಯಂದಿರೆಲ್ಲ ಕಾಗದದ ಕೊನೆಗೆ ಬರೆಯುವ ಮಾತು ಒಂದಿದೆಯಲ್ಲ. ನಾನು ನಿನಗೆ ಬೇಗ ಬಾ ಎಂದು ಬರೆಯುವುದಿಲ್ಲ.

ಅಮ್ಮ